3.9 ಲಕ್ಷದ ಹಳೇ ಡಿಜೈರ್, ಅದರ ಮೇಲೆ 58 ಸಾವಿರ

ಹೋದ ವರ್ಷ, 2025ರ ಯುಗಾದಿ ಮುಗಿದ ವಾರದಲ್ಲಿ ಒಂದು 2014ರ ಮಾರುತಿ ಡಿಜೈರ್ ಡೀಸೆಲ್ ಕಾರು ತಗೊಂಡೆ. ಕೆಎ 25 (ಧಾರವಾಡ) ನಂಬರ್, ಎರಡನೇ ಓನರ್, ಮೀಟರ್‌ನಲ್ಲಿ 96 ಸಾವಿರ ಕಿಲೋಮೀಟರ್. ಮಾತು ಮುಗಿದದ್ದು 3 ಲಕ್ಷ 90 ಸಾವಿರಕ್ಕೆ. ಮಾರಿದವರು ಕೀ ಕೈಗಿಡುತ್ತಾ "ಎಣ್ಣಿ ಹಾಕ್ರಿ, ಓಡಸ್ರಿ, ಮತ್ತೇನೂ ಖರ್ಚಿಲ್ಲ" ಅಂದರು. ನಂಬಿದೆ.

ಒಂದು ವರ್ಷದಲ್ಲಿ ಆದ ಖರ್ಚು ಹೇಳಿಬಿಡುತ್ತೇನೆ. ಕ್ಲಚ್ 13,000. ಲೋಯರ್ ಆರ್ಮ್, ಲಿಂಕ್ ರಾಡ್, ಅಲೈನ್‌ಮೆಂಟ್ ಸೇರಿ 8,500. ನಾಲ್ಕು ಟೈರ್ 18,000. ಬ್ಯಾಟರಿ 5,200. ಆಯಿಲ್, ಫಿಲ್ಟರ್, ಎಂಜಿನ್ ತಂಪಿಡುವ ಕೂಲಂಟ್, ಬ್ರೇಕ್ ಆಯಿಲ್ ಎಲ್ಲ ಬದಲಿಸಿದ ಸರ್ವಿಸ್ 6,500. ಎಸಿ ಕಂಡೆನ್ಸರ್ 6,800. ಒಟ್ಟು 58 ಸಾವಿರ. ಅಂದರೆ ಗಾಡಿಯ ರೇಟಿನ ಹೆಚ್ಚುಕಮ್ಮಿ ನೂರಕ್ಕೆ ಹದಿನೈದು.

ಹಾಗಂತ ಮೋಸ ಹೋದೆ ಅಂತ ನನಗೆ ಅನಿಸಿಲ್ಲ. ಯಾಕೆಂದರೆ ಇದೆಲ್ಲ ಸವೆತದ ಖರ್ಚು. ಹಳೇ ಕಾರಿನಲ್ಲಿ ಸವೆತ ಬೇರೆ, ರೋಗ ಬೇರೆ. ಚಪ್ಪಲಿ ಅಟ್ಟೆ ಸವೆದ ಹಾಗೆ ಕ್ಲಚ್ ಸವೆಯುತ್ತದೆ, ಹೊಸದು ಹಾಕಿದರೆ ಮತ್ತೆ ಕೆಲವು ವರ್ಷ ಚಿಂತೆಯಿಲ್ಲ. ರೋಗ ಹಾಗಲ್ಲ. ದುಡ್ಡು ಕೊಟ್ಟು ರಿಪೇರಿ ಮಾಡಿಸಿದ ಮೇಲೂ ಆರು ತಿಂಗಳಿಗೆ ಬೇರೆ ರೂಪದಲ್ಲಿ ವಾಪಸ್ ಬರುತ್ತದೆ. ಮೊದಲನೆಯದನ್ನು ಲೆಕ್ಕ ಹಾಕಿ ರೇಟಿನಲ್ಲಿ ಕಡಿಮೆ ಮಾಡಿಸಿಕೊಳ್ಳಬೇಕು, ಎರಡನೆಯದು ಕಂಡರೆ ಚಹಾ ಕುಡಿದು ನಮಸ್ಕಾರ ಹೇಳಿ ಎದ್ದು ಬರಬೇಕು.

ಕೆಳಗೆ ಬರೆದಿರುವ ರೇಟುಗಳು ನಾನು ಕೊಟ್ಟಿದ್ದು, ಇಲ್ಲವೇ ಹುಬ್ಬಳ್ಳಿಯ ಗೋಕುಲ ರಸ್ತೆ, ಕಾರವಾರ ರಸ್ತೆ ಕಡೆಯ ಹೊರಗಿನ ಗ್ಯಾರೇಜ್‌ಗಳಲ್ಲಿ ಕೇಳಿದ್ದು. ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಇದಕ್ಕಿಂತ ಜಾಸ್ತಿ ಆಗುತ್ತದೆ. ಗಾಡಿ, ವರ್ಷ, ಬಿಡಿಭಾಗದ ಮೇಲೆ ಸಾವಿರ ಎರಡು ಸಾವಿರ ಅತ್ತಿತ್ತ ಆಗೋದು ಮಾಮೂಲು.

ಮೊದಲು ಸದ್ದಿನಿಂದ ಶುರು ಮಾಡೋಣ, ನಮ್ಮ ಕಡೆ ಹಳೇ ಗಾಡಿಯಲ್ಲಿ ಮೊದಲು ಕೇಳುವುದೇ ಅದು. ಎರೆ ಭೂಮಿಯ ಮೇಲೆ ಹಾಕಿದ ರಸ್ತೆಗೆ ಒಂದು ಗುಣ ಇದೆ. ಮಳೆಗಾಲದಲ್ಲಿ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ, ಮೇಲಿನ ಡಾಂಬರು ಅಲೆ ಅಲೆಯಾಗುತ್ತದೆ. ನವಲಗುಂದ, ಅಣ್ಣಿಗೇರಿ, ರೋಣದ ಕಡೆ ಒಳರಸ್ತೆಗಳಲ್ಲಿ ದಿನಾ ಓಡಾಡಿದ ಗಾಡಿ ಮೀಟರ್‌ನಲ್ಲಿ 60 ಸಾವಿರ ತೋರಿಸಿದರೂ, ಅದರ ಸಸ್ಪೆನ್ಷನ್‌ಗೆ (ರಸ್ತೆಯ ಏಟು ತಡೆಯುವ ಚಕ್ರದ ಬಳಿಯ ಭಾಗಗಳಿಗೆ) ಲಕ್ಷ ದಾಟಿದ ವಯಸ್ಸಾಗಿರುತ್ತದೆ. ಬೆಂಗಳೂರು ಹೈವೇಯಲ್ಲೇ ಲಕ್ಷ ಓಡಿದ ಗಾಡಿ ಇದಕ್ಕಿಂತ ಗಟ್ಟಿ ಇರಬಹುದು. ಅದಕ್ಕೇ ಎಷ್ಟು ಓಡಿದೆ ಅಂತ ಕೇಳಿ ಸುಮ್ಮನಾಗಬೇಡಿ, ಎಲ್ಲಿ ಓಡಿದೆ ಅಂತಲೂ ಕೇಳಿ.

ಡಿಜೈರ್‌ನಂಥ ಕಾರುಗಳ ಮುಂದಿನ ಚಕ್ರವನ್ನು ಕೆಳಗಿನಿಂದ ಹಿಡಿದಿರುವುದು ಲೋಯರ್ ಆರ್ಮ್. ಅದು ಗಾಡಿಯ ಚೌಕಟ್ಟಿಗೆ ಸೇರುವ ಜಾಗದಲ್ಲಿ ರಬ್ಬರ್ ಬುಷ್ ಇರುತ್ತದೆ, ಚಕ್ರದ ತುದಿಯಲ್ಲಿ ಬಾಲ್ ಜಾಯಿಂಟ್. ಗಾಡಿ ತಿರುವಿನಲ್ಲಿ ಒಂದು ಕಡೆ ವಾಲದಂತೆ ತಡೆಯುವ ಕಬ್ಬಿಣದ ಸಲಾಕೆಯನ್ನು ಶಾಕ್ ಅಬ್ಸಾರ್ಬರ್‌ಗೆ ಜೋಡಿಸುವ ಬೆರಳು ಗಾತ್ರದ ಕಡ್ಡಿಯೇ ಲಿಂಕ್ ರಾಡ್. ಒಡೆದ ರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ ಟಕ್ ಟಕ್ ಟಕ್ ಅಂತ ಸಣ್ಣಗೆ ಬಡಿದರೆ ಬಹುಪಾಲು ಲಿಂಕ್ ರಾಡ್, ಜೋಡಿಗೆ 1,200ರಿಂದ 2,000. ಬ್ರೇಕ್ ಹಿಡಿದಾಗ ಅಥವಾ ಹಂಪ್ ಇಳಿಯುವಾಗ ಧಡ್ ಅಂತ ಒಂದೇ ಏಟು ಬಂದರೆ ಲೋಯರ್ ಆರ್ಮ್ ಬುಷ್ ಹೋಗಿದೆ, ಎರಡೂ ಆರ್ಮ್ ಬದಲಿಸಲು 4ರಿಂದ 6 ಸಾವಿರ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಬಳಿ ಕಿರ್ ಅಂದರೆ ಶಾಕ್ ಅಬ್ಸಾರ್ಬರ್‌ನ ಮೇಲ್ತುದಿಯನ್ನು ಗಾಡಿಗೆ ಹಿಡಿದಿಡುವ ಸ್ಟ್ರಟ್ ಮೌಂಟ್. ವೇಗ ಏರಿದಂತೆ ಗೂಂ ಅನ್ನುವ ಶಬ್ದ ಏರಿ, ತಿರುವಿನಲ್ಲಿ ಕಡಿಮೆಯೋ ಜಾಸ್ತಿಯೋ ಆದರೆ ವ್ಹೀಲ್ ಬೇರಿಂಗ್, ಒಂದಕ್ಕೆ 2ರಿಂದ 3 ಸಾವಿರ. ಶಾಕ್ ಅಬ್ಸಾರ್ಬರ್ ಸೋರಿ ಎಣ್ಣೆ ಇಳಿದಿದ್ದರೆ ಮುಂದಿನ ಜೋಡಿಗೆ 6ರಿಂದ 9 ಸಾವಿರ ಹಿಡಿಯಿರಿ. ಇದೆಲ್ಲ ಸವೆತ, ಹೆದರಬೇಕಾಗಿಲ್ಲ. ಮಾರುವವರು ಮಾತ್ರ ಎಲ್ಲ ಸದ್ದಿಗೂ ಒಂದೇ ಉತ್ತರ ಕೊಡುತ್ತಾರೆ: "ಏನೂ ಇಲ್ರಿ, ಲಿಂಕ್ ರಾಡ್ ಅಷ್ಟ."

ಇನ್ನೊಂದು ಸದ್ದು ಇದೆ, ಅದನ್ನು ಬೇರೆಯಾಗಿ ಹೇಳಬೇಕು. ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ಮೆಲ್ಲಗೆ ಗಾಡಿ ಸುತ್ತಿಸಿದಾಗ ಕಟ ಕಟ ಕಟ ಅಂದರೆ ಅದು ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟ್‌ನ ತುದಿಯ ಜಾಯಿಂಟ್. ಆ ಜಾಯಿಂಟ್ ಮೇಲೆ ಕೊಳವೆಯಂಥ ರಬ್ಬರ್ ಬೂಟು ಇರುತ್ತದೆ, ಒಳಗೆ ಗ್ರೀಸ್. ಬೂಟು ಹರಿದರೆ ಗ್ರೀಸ್ ಹೊರಗೆ, ಧೂಳು ಒಳಗೆ. ಹರಿದ ತಕ್ಷಣ ಬೂಟು ಬದಲಿಸಿದರೆ ಸಾವಿರದ ಆಸುಪಾಸು ಮುಗಿಯುತ್ತದೆ. ಬಿಟ್ಟರೆ ಜಾಯಿಂಟ್ ಹೋಗಿ ನಾಲ್ಕೈದು ಸಾವಿರ. ನೋಡೋಕೆ ಹೋದಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಮೊಬೈಲ್ ಟಾರ್ಚ್ ಹಾಕಿ ಚಕ್ರದ ಹಿಂದೆ ಬಗ್ಗಿ ನೋಡಿ. ರಿಮ್ಮಿನ ಒಳಮೈಗೆ ಕಪ್ಪು ಗ್ರೀಸ್ ಚಿಮ್ಮಿದ್ದರೆ ಬೂಟು ಹರಿದಿದೆ ಅಂತಲೇ.

ಕ್ಲಚ್ ವಿಷಯಕ್ಕೆ ಬಂದರೆ, ಇದರಲ್ಲಿ ಕೆಲಸದ ಕೂಲಿಯೇ ದೊಡ್ಡದು. ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಕೆಳಗಿಳಿಸಲೇಬೇಕು. ಅದಕ್ಕೇ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕುತ್ತಾರೆ. ಬೇರಿಂಗ್ ಒಂದನ್ನು ಉಳಿಸಿ ಸಾವಿರ ರೂಪಾಯಿ ಮಿಗಿಸಿದರೆ ಅದು ಕೂಗೋಕೆ ಶುರುಮಾಡಿದ ದಿನ ಮತ್ತೆ ಗೇರ್‌ಬಾಕ್ಸ್ ಇಳಿಸುವ ಕೂಲಿ ಕೊಡಬೇಕು. ಪೆಟ್ರೋಲ್ ಗಾಡಿಗೆ 7ರಿಂದ 10 ಸಾವಿರ, ಡೀಸೆಲ್‌ಗೆ 11ರಿಂದ 15. ಚೆನ್ನಮ್ಮ ಸರ್ಕಲ್ ಟ್ರಾಫಿಕ್‌ನಲ್ಲಿ ಅರ್ಧ ಕ್ಲಚ್ ಮೇಲೆ ಕಾಲಿಟ್ಟು ದಿನಾ ಓಡಾಡಿದ ಗಾಡಿಗೆ ಇದು ಬೇಗ ಬರುತ್ತದೆ. ಪರೀಕ್ಷೆ ಸುಲಭ. ನೃಪತುಂಗ ಬೆಟ್ಟದ ಏರಿನಂಥ ಜಾಗಕ್ಕೆ ಕರೆದುಕೊಂಡು ಹೋಗಿ, ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿ. ಎಂಜಿನ್ ಕೂಗು ಏರಿ ಗಾಡಿ ಏರದಿದ್ದರೆ ಕ್ಲಚ್ ಜಾರುತ್ತಿದೆ. ನಾನು ಇದನ್ನು ಮಾಡಲಿಲ್ಲ. 13 ಸಾವಿರ ಆಮೇಲೆ ಕೊಟ್ಟೆ.

ಎಸಿ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಎಸಿ ಗ್ಯಾಸ್ "ಮುಗಿಯುವುದಿಲ್ಲ". ಅದೇನು ಮನೆಯ ಸಿಲಿಂಡರ್ ಅಲ್ಲ. ಮುಚ್ಚಿದ ಪೈಪಿನಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಹತ್ತು ವರ್ಷದಲ್ಲಿ ಸ್ವಲ್ಪ ಕಡಿಮೆಯಾಗುವುದು ಬೇರೆ, ಪ್ರತಿ ಬೇಸಿಗೆಗೆ ತುಂಬಿಸಬೇಕಾದರೆ ಎಲ್ಲೋ ಸೋರಿಕೆ ಇದೆ. ನನ್ನ ಗಾಡಿಗೆ ಮಾರುವ ಮುಂಚೆ ಗ್ಯಾಸ್ ತುಂಬಿಸಿದ್ದರು, ಏಪ್ರಿಲ್‌ನಲ್ಲಿ ಊಟಿ ಹಾಗೆ ತಂಪಿತ್ತು. ಮೇ ಮಧ್ಯಕ್ಕೆ ಬರೀ ಗಾಳಿ. ಮುಂದಿನ ಬಂಪರ್ ಹಿಂದಿನ ಕಂಡೆನ್ಸರ್‌ನಲ್ಲಿ ಕಲ್ಲು ಬಡಿದು ಸೂಜಿಮೊನೆಯಷ್ಟು ತೂತು. ಕಂಡೆನ್ಸರ್ ಆದರೆ 5ರಿಂದ 7 ಸಾವಿರ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಸೋರಿದರೆ ರೇಟ್ ಹೆಚ್ಚುಕಮ್ಮಿ ಅಷ್ಟೇ, ಆದರೆ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಬಿಚ್ಚಿದ ಡ್ಯಾಶ್‌ಬೋರ್ಡ್ ಮೊದಲಿನ ಹಾಗೆ ಕೂರುವುದು ಅಪರೂಪ, ಆಮೇಲೆ ಕಿರಿಕಿರಿ ಸದ್ದು ಜೀವಮಾನ ಪೂರ್ತಿ. ಕಂಪ್ರೆಸರ್ ಹೋದರೆ 12ರಿಂದ 20 ಸಾವಿರ. ಓಡುವಾಗ ತಂಪಾಗಿದ್ದು ಸಿಗ್ನಲ್‌ನಲ್ಲಿ ನಿಂತಾಗ ಬಿಸಿ ಗಾಳಿ ಬಂದರೆ ಮುಂದಿನ ಫ್ಯಾನ್ ನೋಡಿಸಿ, ಅದು ಸಣ್ಣ ಖರ್ಚು.

ಇನ್ನು ರೋಗದ ಕಡೆಗೆ. ನನ್ನ ಲೆಕ್ಕದಲ್ಲಿ ಮೊದಲ ನಂಬರ್ ರೋಗ ಬಿಸಿ. ಒಮ್ಮೆ ಜೋರಾಗಿ ಬಿಸಿಯಾದ ಎಂಜಿನ್ ಮತ್ತೆ ಮೊದಲಿನ ಎಂಜಿನ್ ಅಲ್ಲ.

ಯಾಕೆ ಅಂದರೆ, ಎಂಜಿನ್ನಿನ ಮೇಲಿನ ಹೆಡ್ ಅಲ್ಯೂಮಿನಿಯಂ. ಡಿಜೈರ್ ಡೀಸೆಲ್‌ನಂಥ ಎಂಜಿನ್‌ನಲ್ಲಿ ಕೆಳಗಿನ ಬ್ಲಾಕ್ ಬೀಡು ಕಬ್ಬಿಣ. ಎರಡರ ನಡುವೆ ತೆಳು ಹಾಳೆಯಂಥ ಗ್ಯಾಸ್ಕೆಟ್. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತದೆ. ಮಿತಿಯಲ್ಲಿದ್ದರೆ ಪರವಾಗಿಲ್ಲ, ಮಿತಿ ದಾಟಿದರೆ ಹೆಡ್ ಸೊಟ್ಟ ಆಗುತ್ತದೆ, ಗ್ಯಾಸ್ಕೆಟ್ ಜಾಗ ಬಿಡುತ್ತದೆ, ಕೂಲಂಟ್ ಆಯಿಲ್‌ಗೆ ಸೇರುತ್ತದೆ, ಸಿಲಿಂಡರ್ ಗಾಳಿ ಕೂಲಂಟ್‌ಗೆ ನುಗ್ಗುತ್ತದೆ. ಗ್ಯಾರೇಜಿನ ಮಿಸ್ತ್ರಿಗಳು "ಹೆಡ್ ಹಾರೇತಿ" ಅನ್ನುವುದು ಇದಕ್ಕೇ. ಹೆಡ್ ಬಿಚ್ಚಿ, ಲೇತ್‌ಗೆ ಕೊಟ್ಟು ಸಮ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಲು 15ರಿಂದ 25 ಸಾವಿರ. ಪಿಸ್ಟನ್, ರಿಂಗಿನವರೆಗೆ ಹೋಗಿದ್ದರೆ 50 ಸಾವಿರದ ಮೇಲೆ, ಅಲ್ಲಿಂದ ಮುಂದೆ ಲೆಕ್ಕ ನಿಮ್ಮ ಕೈಯಲ್ಲಿರುವುದಿಲ್ಲ.

ಈ ಬಿಸಿಗೆ ನಮ್ಮ ಊರುಗಳಲ್ಲಿ ಒಂದು ಸ್ವಂತ ಕಾರಣ ಇದೆ, ಬೋರ್ ನೀರು. ಗದಗ, ರೋಣ, ನವಲಗುಂದದ ಕಡೆ ಬೋರ್ ನೀರು ಕಾಯಿಸಿದ ಪಾತ್ರೆಯ ತಳ ನೋಡಿದ್ದೀರಲ್ವಾ, ಬಿಳಿ ಪದರ ಕಟ್ಟಿರುತ್ತದೆ. ಕೂಲಂಟ್ ಕಡಿಮೆಯಾದಾಗ ಅದೇ ನೀರನ್ನು ಬಾಟಲಿಯಲ್ಲಿ ತಂದು ಸುರಿದರೆ ಅದೇ ಪದರ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲಿ ಕಟ್ಟುತ್ತದೆ. ಬಣ್ಣದ ನೀರು ಅಂತ ತಾತ್ಸಾರ ಮಾಡುವ ಕೂಲಂಟ್ ತುಕ್ಕು ತಡೆಯುತ್ತದೆ, ಕುದಿಯುವ ಮಟ್ಟವನ್ನು ಮೇಲೇರಿಸುತ್ತದೆ. ಅದರ ಮುಚ್ಚಳಕ್ಕೂ ಕೆಲಸ ಇದೆ: ಒಳಗೆ ಒತ್ತಡ ಹಿಡಿದಿಡುವುದರಿಂದ ನೂರು ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಕೆಲವೇ ನೂರು ರೂಪಾಯಿಯ ಈ ಮುಚ್ಚಳ ಸಡಿಲ ಆಗಿ ಅಂಕೋಲಾ ಕಡೆಯಿಂದ ಯಲ್ಲಾಪುರಕ್ಕೆ ಅರಬೈಲ್ ಘಟ್ಟ ಹತ್ತುವಾಗ ಹೆಡ್ ಹಾರಿಸಿಕೊಂಡ ಗಾಡಿ ನನ್ನ ಸೋದರಮಾವನದೇ ಇದೆ.

ನೋಡುವ ದಾರಿ: ಎಂಜಿನ್ ತಣ್ಣಗಿದ್ದಾಗ ಕೂಲಂಟ್ ಡಬ್ಬಿ ನೋಡಿ. ಹಸಿರೋ ಕೆಂಪೋ ನೀಲಿಯೋ ಇರಲಿ, ಬಣ್ಣ ತಿಳಿಯಾಗಿರಬೇಕು. ಕಂದು ಇದ್ದರೆ ತುಕ್ಕು, ಮೇಲೆ ಎಣ್ಣೆ ತೇಲಿದರೆ ಹೆಡ್. ಆಯಿಲ್ ತುಂಬುವ ಮುಚ್ಚಳ ಬಿಚ್ಚಿ ಒಳಮೈ ನೋಡಿ, ಚಹಾದ ಕೆನೆಯಂಥ ಜಿಡ್ಡು ಇದ್ದರೆ ಅನುಮಾನ ಪಡಿ. ಆಮೇಲೆ ಎಂಜಿನ್ ಶುರುಮಾಡಿ ಡಬ್ಬಿಯಲ್ಲಿ ಒಂದೇ ಸಮ ಗುಳ್ಳೆ ಏಳುತ್ತಿವೆಯಾ ನೋಡಿ. ಬಿಸಿ ಎಂಜಿನ್‌ನ ಕೂಲಂಟ್ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ, ಕೈ ಮುಖ ಸುಟ್ಟುಕೊಳ್ಳುತ್ತೀರಿ.

"ತಣ್ಣಗಿದ್ದಾಗ" ಅಂದೆನಲ್ಲ, ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಈ ಡಿಜೈರ್‌ಗೂ ಮುಂಚೆ ನವನಗರದಲ್ಲಿ ಒಂದು ಗಾಡಿ ನೋಡಲು ಹೋಗಿದ್ದೆ. ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ ಅಂದಿದ್ದೆ. ಹೋದಾಗ ಗಾಡಿ ತೊಳೆದು ಬೇವಿನ ಮರದ ಕೆಳಗೆ ನಿಲ್ಲಿಸಿದ್ದರು, ಕೆಳಗೆ ನೀರು ಇನ್ನೂ ಆರಿರಲಿಲ್ಲ. ಒಂದೇ ಸಲ ಕೀ ತಿರುಗಿಸಿದ್ದಕ್ಕೆ ಶುರುವಾಯಿತು. ಸದ್ದಿಲ್ಲ, ಹೊಗೆಯಿಲ್ಲ. ಜೊತೆಗೆ ಬಂದಿದ್ದ ಮಿಸ್ತ್ರಿ ಅಷ್ಟೊತ್ತಿಗಾಗಲೇ ಬಾನೆಟ್ ಮೇಲೆ ಅಂಗೈ ಇಟ್ಟು ನನ್ನ ಕಡೆ ನೋಡಿದ್ದರು. ಮರದ ನೆರಳಲ್ಲಿ, ಈಗಷ್ಟೇ ತೊಳೆದ ಬಾನೆಟ್ ಬೆಚ್ಚಗಿತ್ತು. ಅವರು ಏನೂ ಹೇಳಲಿಲ್ಲ. ಮಾರನೇ ದಿನ ಹೇಳದೆ ಕೇಳದೆ ಆರೂವರೆಗೆ ಹೋದೆವು. ಕೀ ತಿರುಗಿಸಿದರೆ ಮೂರು ಸಲಕ್ಕೆ ಹತ್ತಿತು, ಹತ್ತಿದ ಮೊದಲ ಎರಡು ಸೆಕೆಂಡು ಎಂಜಿನ್‌ನ ಒಂದು ಬದಿಯಿಂದ ಸರಪಳಿ ಎಳೆದ ಹಾಗೆ ಗರಗರ ಸದ್ದು, ಹಿಂದೆ ನೀಲಿ ಹೊಗೆ. ಮೂರೇ ನಿಮಿಷಕ್ಕೆ ಎಲ್ಲ ಮಾಯ. ಹತ್ತು ಗಂಟೆಗೆ ಬಂದವರಿಗೆ ಗೊತ್ತಾಗುವ ಹಾಗೇ ಇಲ್ಲ.

ಆ ಗರಗರ ಟೈಮಿಂಗ್ ಚೈನ್‌ನದು. ಎಂಜಿನ್‌ನ ಕೆಳಭಾಗ ತಿರುಗುವುದಕ್ಕೂ ಮೇಲಿನ ವಾಲ್ವ್ ತೆರೆಯುವುದಕ್ಕೂ ತಾಳ ಹೊಂದಿಸುವುದು ಈ ಚೈನ್. ಡಿಜೈರ್ ಡೀಸೆಲ್‌ನಲ್ಲಿರುವುದು ಫಿಯೆಟ್‌ನ 1,248 ಸಿಸಿ ಮಲ್ಟಿಜೆಟ್ ಎಂಜಿನ್, ಟಾಟಾ ಜೆಸ್ಟ್ ಡೀಸೆಲ್‌ನಲ್ಲೂ ಅದರ ಒಡಹುಟ್ಟಿದ್ದೇ. ಗಟ್ಟಿ ಎಂಜಿನ್, ಸುಳ್ಳಲ್ಲ. ಆದರೆ ಆಯಿಲ್ ಬದಲಿಸುವುದನ್ನು ಮುಂದೆ ಹಾಕಿದರೆ ಚೈನ್ ಸಡಿಲ ಬೀಳುತ್ತದೆ, ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುವುದು. ಚೈನ್ ಕಿಟ್ಟಿಗೆ ಕೂಲಿ ಸೇರಿ 10ರಿಂದ 15 ಸಾವಿರ. ಹಾರಿದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ. ಫೋರ್ಡ್ ಆಸ್ಪೈರ್ ಡೀಸೆಲ್‌ನಲ್ಲಿ ಚೈನ್ ಬದಲು ಬೆಲ್ಟ್ ಇದೆ, ಅದು ಸದ್ದು ಮಾಡಿ ಎಚ್ಚರಿಸುವುದೂ ಇಲ್ಲ. ಕಂಪನಿ ಹೇಳಿದ ಹೊತ್ತಿಗೆ ಬದಲಿಸಿದ ಬಿಲ್ ಇದೆಯಾ ಕೇಳಿ, ಇಲ್ಲದಿದ್ದರೆ ಬದಲಿಸುವ ದುಡ್ಡು ರೇಟಿನಲ್ಲಿ ಕಳೆಯಿರಿ. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಕಾರು ಮಾಡುವುದು ನಿಲ್ಲಿಸುತ್ತೇವೆ ಅಂದ ಮೇಲೆ ಆ ಗಾಡಿಗಳು ಕಡಿಮೆ ರೇಟಿಗೆ ಸಿಗುತ್ತವೆ, ಓಡಿಸೋಕೆ ಬಹಳ ಚಂದ, ಆದರೆ ಹಾವೇರಿಯಲ್ಲಿ ಕೂತು ಅದರ ಬಿಡಿಭಾಗಕ್ಕೆ ಕಾಯುವ ತಾಳ್ಮೆ ನಿಮಗಿರಬೇಕು. ಡಿಜೈರ್ ಸಾಮಾನು ಹಾಗಲ್ಲ, ಹುಬ್ಬಳ್ಳಿಯಿಂದ ಬಸ್ಸಿಗೆ ಹಾಕಿದರೆ ಸಂಜೆಗೆ ಕೈಗೆ ಬರುತ್ತದೆ.

ಹೊಗೆಯ ಬಣ್ಣ ನೆನಪಿಟ್ಟುಕೊಳ್ಳಿ. ನೀಲಿ ಅಂದರೆ ಆಯಿಲ್ ಸುಡುತ್ತಿದೆ. ಕಪ್ಪು ಅಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ, ಕೆಲವೊಮ್ಮೆ ಬರೀ ಏರ್ ಫಿಲ್ಟರ್ ಕಟ್ಟಿರುತ್ತದೆ, ಕೆಲವೊಮ್ಮೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕೆಟ್ಟಿರುತ್ತದೆ. ಬಿಳಿ ಹೊಗೆ ಬಿಸಿಯಾದ ಮೇಲೂ ಬರುತ್ತಲೇ ಇದ್ದರೆ ಬಹುಪಾಲು ಕೂಲಂಟ್ ಸುಡುತ್ತಿದೆ. ಧಾರವಾಡದ ಚಳಿಗಾಲದ ಬೆಳಿಗ್ಗೆ ಎರಡು ನಿಮಿಷ ಬರುವ ಬಿಳಿ ಹೊಗೆ ಬರೀ ಆವಿ, ಅದಕ್ಕೆ ಗಾಬರಿ ಬೇಡ. ಡೀಸೆಲ್ ಇಂಜೆಕ್ಟರ್ ರಿಪೇರಿ ಒಂದಕ್ಕೆ 5ರಿಂದ 8 ಸಾವಿರ, ಹೊಸದಾದರೆ ಅದರ ಎರಡು ಪಟ್ಟು, ಮತ್ತು ಸಾಮಾನ್ಯವಾಗಿ ನಾಲ್ಕು ಇರುತ್ತವೆ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ರಿಪೇರಿ 15ರ ಮೇಲೆ, ಹೊಸದು 30 ದಾಟುತ್ತದೆ. ಡೀಸೆಲ್ ಮೈಲೇಜ್‌ನ ಆಸೆಗೆ ಬೀಳುವ ಮುಂಚೆ ಈ ಎರಡು ಸಾಲನ್ನು ಇನ್ನೊಮ್ಮೆ ಓದಿ. ತಿಂಗಳಿಗೆ ಸಾವಿರ ಕಿಲೋಮೀಟರ್ ಕೂಡ ಓಡದಿದ್ದರೆ ಪೆಟ್ರೋಲ್ ಗಾಡಿಯೇ ಸಾಕು ಅನ್ನೋದು ನನ್ನ ಅಭಿಪ್ರಾಯ. 2020ರ ಏಪ್ರಿಲ್ ನಂತರದ ಬಿಎಸ್ 6 (ಹೊಸ ಹೊಗೆ ನಿಯಮದ) ಡೀಸೆಲ್‌ಗಳಿಗೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಬೇರೆ ಇದೆ, ಅದು ಸ್ವಚ್ಛವಾಗಬೇಕಾದರೆ ಆಗಾಗ ಹೈವೇಯಲ್ಲಿ ಓಡಲೇಬೇಕು. ವಿದ್ಯಾನಗರದಿಂದ ದುರ್ಗದ ಬೈಲಿಗೆ ಹೋಗಿ ಬರುವವರಿಗೆ ಅದು ಸುಮ್ನೆ ತಲೆನೋವು.

ಆಟೊಮ್ಯಾಟಿಕ್ ಬಗ್ಗೆ ಚಿಕ್ಕದಾಗಿ: ಎಎಂಟಿ ಅಂದರೆ ಮಾಮೂಲಿ ಗೇರ್‌ಬಾಕ್ಸ್, ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸ ಯಂತ್ರದ್ದು, ಹಾಗಾಗಿ ರಿಪೇರಿ ನಮ್ಮ ಕೈಗೆಟುಕುತ್ತದೆ. ಗೇರ್ ಹಲ್ಲುಗಳ ಬದಲು ಬೆಲ್ಟ್ ಮತ್ತು ಪುಲ್ಲಿಯಲ್ಲಿ ಓಡುವ ಸಿವಿಟಿ ಹಾಗಲ್ಲ, ಅದು ಒಳಗೆ ಹಾಳಾದರೆ ಮಾತು ಲಕ್ಷದ ಲೆಕ್ಕದಲ್ಲಿ ಬರುತ್ತದೆ. ಸಿವಿಟಿ ಆಯಿಲ್ ಬದಲಿಸಿದ ದಾಖಲೆ ಇಲ್ಲದ ಗಾಡಿ ನಾನಂತೂ ಮುಟ್ಟುವುದಿಲ್ಲ.

ಇನ್ನೂ ಕೆಲವು, ಬೇಗ ಬೇಗ. ಕೀ ತಿರುಗಿಸಿದಾಗ ಚೆಕ್ ಎಂಜಿನ್ ದೀಪ ಹತ್ತಿ, ಶುರುವಾದ ಮೇಲೆ ಆರಬೇಕು. ಹತ್ತುವುದೇ ಇಲ್ಲ ಅಂದರೆ ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರ. ಬಟನ್ (ಟೈರ್ ಮೇಲ್ಮೈಯ ಹಲ್ಲು) ಆಳ ಚೆನ್ನಾಗಿದ್ದರೂ ಆರೇಳು ವರ್ಷ ಹಳೆಯದಾದರೆ ಬದಲಿಸುವ ಲೆಕ್ಕದಲ್ಲೇ ಇರಿ. (ನಾನು ಟೈರ್ ಮೇ ತಿಂಗಳಲ್ಲೇ ಹಾಕಿಸಿದೆ. ಸೆಪ್ಟೆಂಬರ್ 22ಕ್ಕೆ ಟೈರ್ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ನಸೀಬು.) 2019ರ ಆಗಸ್ಟ್‌ನಲ್ಲಿ ನಮ್ಮ ಭಾಗಕ್ಕೆಲ್ಲ ನೀರು ನುಗ್ಗಿತ್ತಲ್ಲ, ಅದಕ್ಕಿಂತ ಹಳೆಯ ಗಾಡಿಯಾದರೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಸೀಟ್ ಕವರ್ ಬದಲಿಸುತ್ತಾರೆ, ಬೆಲ್ಟಿನ ಕೊನೆಯ ಗೇಣಿನಲ್ಲಿ ಕೂತ ಕೆಸರಿನ ಗೆರೆಯನ್ನು ಯಾರೂ ತೊಳೆಯುವುದಿಲ್ಲ. ಇನ್ನು ಮೀಟರ್: 45 ಸಾವಿರ ಓಡಿದೆ ಅನ್ನುವ ಗಾಡಿಯ ಕ್ಲಚ್ ಪೆಡಲ್ ರಬ್ಬರ್ ನುಣ್ಣಗಾಗಿ ಕಬ್ಬಿಣ ಕಂಡರೆ, ರಬ್ಬರ್ ಹೇಳುವುದನ್ನೇ ನಂಬಿ.

ಮಿಸ್ತ್ರಿಯನ್ನು ಕರೆದುಕೊಂಡು ಹೋಗಲು 500ರಿಂದ 1,000 ಕೊಡಿ, ಊಟ ಹಾಕಿಸಿ. ಆದರೆ ಗಾಡಿ ತೋರಿಸಿದ ಏಜೆಂಟನೇ ಕರೆತಂದ ಮಿಸ್ತ್ರಿ ಬೇಡ. ನೋಡಿದ ಮೇಲೆ ಸವೆತದ ಪಟ್ಟಿಯನ್ನು ಅಲ್ಲೇ ಒಂದು ಚೀಟಿಯಲ್ಲಿ ರೇಟ್ ಸಮೇತ ಬರೆದು ಮಾರುವವರ ಮುಂದಿಡಿ. "ಒಂದ್ ಹತ್ತ್ ಸಾವಿರ ಬಿಡ್ರಿ" ಅಂತ ಗಾಳಿಯಲ್ಲಿ ಕೇಳಿದರೆ ಯಾರೂ ಬಿಡುವುದಿಲ್ಲ, "ಟೈರ್ 18, ಕ್ಲಚ್ 13" ಅಂತ ಬರೆದು ತೋರಿಸಿದರೆ ಅರ್ಧವಾದರೂ ಬಿಡುತ್ತಾರೆ. ಗದಗಿನ ನನ್ನ ಗೆಳೆಯ ಹೋದ ತಿಂಗಳು ಪೆಟ್ರೋಲ್ ಹೋಂಡಾ ಅಮೇಜ್ ತಗೊಳ್ಳುವಾಗ ಹೀಗೇ ಮಾಡಿ 22 ಸಾವಿರ ಇಳಿಸಿಕೊಂಡ.

ನವನಗರದ ಆ ಗಾಡಿಯವರು ಆಮೇಲೆ ಎರಡು ಸಲ ಫೋನ್ ಮಾಡಿದ್ದರು. ಎರಡನೇ ಸಲ ತಾವಾಗಿಯೇ 30 ಸಾವಿರ ಕಡಿಮೆ ಮಾಡಿದರು. ಪಕ್ಕದಲ್ಲೇ ಇದ್ದ ಮಿಸ್ತ್ರಿಗೆ ಹೇಳಿದೆ. ಅವರು ಕೈ ಒರೆಸಿಕೊಳ್ಳುತ್ತಾ, "ಇನ್ನೊಂದ್ ಸಲ ಫೋನ್ ಮಾಡಿದ್ರ ಇನ್ನೂ ಇಳಿಸ್ತಾರ, ಆದ್ರೂ ಬ್ಯಾಡ್ರಿ" ಅಂದು ಬೇರೆ ಗಾಡಿಯ ಕೆಳಗೆ ನುಸುಳಿದರು.